ವರ್ಷ ದಂಡವಾಯಿತೇ?

ನಮ್ಮ ಕಡೆಯ ಮನೆಗಳಲ್ಲಿ ಮಕ್ಕಳ ಓದಿನ ವಿಷಯ ಬಂದಾಗ 'ವರ್ಷ ದಂಡ' ಎಂಬ ಮಾತು ತೀರ ಸಹಜವಾಗಿ ಬಾಯಿಗೆ ಬರುತ್ತದೆ. ನಪಾಸಾದವನದು ವರ್ಷ ದಂಡ, ಜ್ವರ ಬಂದು ಪರೀಕ್ಷೆ ತಪ್ಪಿಸಿಕೊಂಡವನದು ವರ್ಷ ದಂಡ, ಬಯಸಿದ ಸೀಟು ಸಿಗದೆ ಮನೆಯಲ್ಲಿ ಕುಳಿತವನದಂತೂ ಹೇಳಲೇಬೇಕಾಗಿಲ್ಲ. ಈಚೆಗೆ ಈ ಮಾತು ಸಮುದ್ರವನ್ನೂ ದಾಟಿದೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ನನ್ನ ಅಣ್ಣನ ಮೊಮ್ಮಗಳು 2025ರ ಮೇ ತಿಂಗಳಲ್ಲಿ ಅಲ್ಲಿಯ ನಾಲ್ಕು ವರ್ಷದ ಪದವಿ ಮುಗಿಸಿದಳು. ವೈದ್ಯೆಯಾಗಬೇಕೆಂಬುದು ಅವಳ ಇಚ್ಛೆ. ಆದರೆ ಪದವಿ ಮುಗಿದೊಡನೆ ವೈದ್ಯಕೀಯ ಕಾಲೇಜು ಸೇರದೆ, ಎರಡು ವರ್ಷ ಒಂದು ಕ್ಲಿನಿಕ್ಕಿನಲ್ಲಿ ಸಹಾಯಕಿಯಾಗಿ ದುಡಿದು ಆಮೇಲೆ ಸೇರುವುದೆಂದು ತೀರ್ಮಾನಿಸಿದ್ದಾಳೆ. ಸುದ್ದಿ ಇಲ್ಲಿಗೆ ಮುಟ್ಟಿದ್ದೇ ತಡ, ಬಂಧುಗಳಲ್ಲಿ ಒಬ್ಬೊಬ್ಬರದು ಒಂದೊಂದು ವ್ಯಾಖ್ಯಾನ. ಅಂಕ ಕಡಿಮೆ ಬಿದ್ದಿರಬೇಕು ಎಂದವರುಂಟು. ಸೀಟು ಸಿಗಲಿಲ್ಲ, ಹೇಳಿಕೊಳ್ಳಲು ನಾಚಿಕೆ ಎಂದವರುಂಟು. ಇನ್ನೂ ಮುಂದೆ ಹೋಗಿ ಊಹಿಸಿದವರ ಮಾತನ್ನು ಇಲ್ಲಿ ಬರೆಯುವುದು ಬೇಡ.

ಆ ದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಇಬ್ಬರು ಮೂವರು ತಮ್ಮ ಮಕ್ಕಳ ಬಗ್ಗೆ ಇದೇ ಪ್ರಶ್ನೆಯನ್ನು ಮಿಂಚಂಚೆಯಲ್ಲಿ ಕೇಳಿದ್ದಾರೆ: ಪದವಿ ಮುಗಿದ ಕೂಡಲೇ ಅರ್ಜಿ ಹಾಕಿಸಬೇಕೇ, ಕಾಯಬೇಕೇ? ಹುಡುಗಿಯೊಡನೆ ಮಾತನಾಡಿ, ಅಲ್ಲಿಯ ನಿಯಮಗಳನ್ನು ಕುಳಿತು ಓದಿ ನನಗೆ ಮನದಟ್ಟಾದುದನ್ನು ಎಲ್ಲರಿಗೂ ಸೇರಿಸಿ ಇಲ್ಲೇ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆ ಹುಡುಗಿಯ ತೀರ್ಮಾನ ಸರಿಯಾಗಿದೆ. ನಮ್ಮ ಅಳತೆಗೋಲಿನಿಂದ ಅವಳ ಎರಡು ವರ್ಷಗಳನ್ನು ಅಳೆಯುವುದು ಸರಿಯಲ್ಲ.

ಈ ಅಳತೆಗೋಲು ನಮಗೆ ಬಂದುದಕ್ಕೂ ಕಾರಣವಿದೆ. ನಮ್ಮಲ್ಲಿ ವೈದ್ಯಕೀಯ ಶಿಕ್ಷಣದ ಬಾಗಿಲು ತೆರೆಯುವುದು ದ್ವಿತೀಯ ಪಿಯುಸಿಯ ಬೆನ್ನಿಗೇ. ಪ್ರವೇಶದ ವರ್ಷದ ಡಿಸೆಂಬರ್ ಕೊನೆಗೆ ಹದಿನೇಳು ತುಂಬಿದ್ದರಾಯಿತು. ಹಿಂದೆ ಸಿಇಟಿ ಇತ್ತು, ಈಗ ನೀಟ್. ಹೆಸರು ಬೇರೆಯಾದರೂ ಒಂದು ಪರೀಕ್ಷೆ, ಒಂದು ಅಂಕ, ಒಂದು ಕ್ರಮಸಂಖ್ಯೆ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಹೆಚ್ಚು. ಎಂಬಿಬಿಎಸ್ ಸೀಟುಗಳು ದೇಶಕ್ಕೆಲ್ಲ ಒಂದು ಲಕ್ಷಕ್ಕೆ ತುಸು ಮೇಲೆ. ಆದ್ದರಿಂದ ನಮ್ಮಲ್ಲಿ ಕಾಯುವುದೆಂದರೆ ಅದೇ ಭೌತಶಾಸ್ತ್ರ, ಅದೇ ರಸಾಯನಶಾಸ್ತ್ರ, ಅದೇ ಜೀವಶಾಸ್ತ್ರವನ್ನು ಲಾಂಗ್ ಟರ್ಮ್ ಎಂಬ ಹೆಸರಿನಲ್ಲಿ ಇನ್ನೊಂದು ವರ್ಷ ಅರೆಯುವುದು. ಬೆಳಗಿನಿಂದ ರಾತ್ರಿಯವರೆಗೆ ತರಬೇತಿ ಕೇಂದ್ರದ ಹಾಲಿನಲ್ಲಿ ಕುಳಿತು ಬಂದ ಹುಡುಗರನ್ನು ನಾನು ಬಲ್ಲೆ. ಅವರಲ್ಲಿ ಸೀಟು ಪಡೆದವರಿದ್ದಾರೆ, ಪಡೆಯದವರಿದ್ದಾರೆ. ಆದರೆ ಆ ವರ್ಷ ಯಾವ ರೋಗಿಯನ್ನು ಕಂಡೆ, ಯಾವ ಹೊಸ ವಿಷಯ ತಿಳಿದೆ ಎಂದು ಕೇಳಿದರೆ ಇಬ್ಬರ ಉತ್ತರವೂ ಒಂದೇ. ಇಂತಹ ವರ್ಷವನ್ನು ದಂಡವೆಂದು ಕರೆದವರ ಮೇಲೆ ನನಗೆ ಆಕ್ಷೇಪಣೆಯಿಲ್ಲ.

ಅಮೆರಿಕದ ಪದ್ಧತಿಯ ಬುನಾದಿಯೇ ಬೇರೆ. ಅಲ್ಲಿ ವೈದ್ಯಕೀಯವು ಪದವಿಯ ನಂತರದ ಓದು. ಇದು ಮೊದಲಿನಿಂದ ಹೀಗೆಯೇ ಇರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಹೈಸ್ಕೂಲನ್ನೂ ಸರಿಯಾಗಿ ಮುಗಿಸದವರು ಶುಲ್ಕ ಕಟ್ಟಿ ವೈದ್ಯರಾಗಿ ಹೊರಬೀಳುತ್ತಿದ್ದರು. 1893ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್ಕಿನ್ಸ್ ವೈದ್ಯಕೀಯ ಶಾಲೆ ಆರಂಭವಾಗುವಾಗ ಹಣ ಸಾಲದೆ ಬಂದಿತು. ರೈಲ್ವೆ ಕಂಪನಿಯೊಂದರ ಅಧ್ಯಕ್ಷರ ಮಗಳಾದ ಮೇರಿ ಎಲಿಜಬೆತ್ ಗ್ಯಾರೆಟ್ ಎಂಬಾಕೆ ಕೈತುಂಬ ಹಣ ಕೊಟ್ಟಳು, ಆದರೆ ಷರತ್ತು ಹಾಕಿದಳು: ಹೆಣ್ಣುಮಕ್ಕಳನ್ನು ಗಂಡುಮಕ್ಕಳ ಸಮಾನವಾಗಿ ಸೇರಿಸಿಕೊಳ್ಳಬೇಕು, ಸೇರುವವರೆಲ್ಲರೂ ಪದವೀಧರರಾಗಿರಬೇಕು. ಅಲ್ಲಿಯ ಪ್ರಸಿದ್ಧ ಪ್ರಾಧ್ಯಾಪಕ ವಿಲಿಯಂ ಆಸ್ಲರ್, ನಾವು ಅಧ್ಯಾಪಕರಾಗಿ ಒಳಗೆ ಬಂದೆವು ಸರಿ, ವಿದ್ಯಾರ್ಥಿಗಳಾಗಿ ಬರಲು ಸಾಧ್ಯವೇ ಇರಲಿಲ್ಲವೆಂದು ನಗೆಯಾಡಿದ್ದುಂಟು. ಮುಂದೆ 1910ರಲ್ಲಿ ಅಬ್ರಹಾಂ ಫ್ಲೆಕ್ಸ್‌ನರ್ ಅಮೆರಿಕ ಮತ್ತು ಕೆನಡಾಗಳ 155 ವೈದ್ಯಕೀಯ ಶಾಲೆಗಳನ್ನು ಕುರಿತು ವರದಿ ಬರೆದು, ಈ ಹಾಪ್ಕಿನ್ಸ್ ಮಾದರಿಯನ್ನೇ ಎತ್ತಿಹಿಡಿದನು. ಆ ವರದಿಯ ಏಟಿಗೆ ಎಷ್ಟೋ ಕಳಪೆ ಶಾಲೆಗಳು ಬಾಗಿಲು ಹಾಕಿಕೊಂಡವು. ಈ ಫ್ಲೆಕ್ಸ್‌ನರ್ ವೈದ್ಯನಲ್ಲ, ಲೂಯಿವಿಲ್ ಊರಿನಲ್ಲಿ ಹಲವು ವರ್ಷ ಪಾಠ ಹೇಳಿದ ಹೈಸ್ಕೂಲು ಮೇಷ್ಟ್ರು. (ನಮ್ಮ ವೃತ್ತಿಯವರ ಮಾತಿಗೂ ಒಂದು ಕಾಲದಲ್ಲಿ ಎಷ್ಟು ಬೆಲೆಯಿತ್ತು ನೋಡಿ!)

ವೈದ್ಯನಾಗುವವನು ಮೊದಲು ಬೆಳೆದ ಮನುಷ್ಯನಾಗಿರಲಿ ಎಂಬ ವಿಚಾರ ಆ ಪದ್ಧತಿಯ ಒಳಗೇ ಸೇರಿಕೊಂಡಿದೆ. ಆದರೆ ಪಂಚಾಂಗ ಬೇರೆ ಹೇಳುತ್ತದೆ. ಪದವಿ ಮುಗಿದ ಬೇಸಿಗೆಯಲ್ಲೇ ವೈದ್ಯಕೀಯ ಸೇರಬೇಕಾದರೆ ಅರ್ಜಿ ಹಾಕಬೇಕಾದುದು ಅದಕ್ಕೆ ಒಂದು ವರ್ಷಕ್ಕೂ ಹಿಂದೆ. ನಮ್ಮ ಹುಡುಗಿಯ ಲೆಕ್ಕವನ್ನೇ ಹಾಕಿ. 2025ರ ಆಗಸ್ಟ್‌ನಲ್ಲಿ ಸೇರಬೇಕಿದ್ದರೆ 2024ರ ಜೂನ್ ವೇಳೆಗೆ ಅರ್ಜಿ ಹೋಗಿರಬೇಕಿತ್ತು. ಅದಕ್ಕೂ ಮೊದಲು ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ ಮುಗಿದಿರಬೇಕಿತ್ತು. ಅಂದರೆ ಮೂರನೆಯ ವರ್ಷದ ಕೊನೆಗೆ ಎಲ್ಲವೂ ಸಿದ್ಧ. ಜೂನ್‌ನಲ್ಲಿ ಅರ್ಜಿ ಹೋದ ಮೇಲೆ ಒಂದೊಂದು ಕಾಲೇಜೂ ತನ್ನದೇ ಪ್ರಶ್ನೆಗಳ ಎರಡನೆಯ ಅರ್ಜಿ ಕಳಿಸುತ್ತದೆ. ಅವನ್ನು ಬರೆದು ಮುಗಿಸುವಷ್ಟರಲ್ಲಿ ಸಂದರ್ಶನಗಳು ಬಂದು, ಚಳಿಗಾಲ ಕಳೆದು ವಸಂತದವರೆಗೂ ನಡೆಯುತ್ತವೆ. ಬಹುತೇಕ ಕಾಲೇಜುಗಳು ಅರ್ಜಿ ಬಂದಂತೆ ಬಂದಂತೆ ಸ್ಥಾನ ತುಂಬುವುದರಿಂದ ಕೊನೆಯ ದಿನಾಂಕದವರೆಗೆ ಕಾದು ಕಳಿಸಿದವನು ಊಟದ ಮೂರನೆಯ ಪಂಕ್ತಿಗೆ ಬಂದವನಂತೆ.

ಆ ಅರ್ಜಿಯಲ್ಲಿ ಏನೇನಿರಬೇಕು? ಪದವಿಯ ಅಂಕಗಳಿರಬೇಕು, ವಿಜ್ಞಾನದ ಅಂಕಗಳನ್ನು ಬೇರೆಯೇ ತೆಗೆದು ನೋಡುತ್ತಾರೆ. ಎಂಕ್ಯಾಟ್ ಅಂಕ ಬೇಕು. ಆ ಪರೀಕ್ಷೆ ವಿರಾಮಗಳೂ ಸೇರಿ ಸುಮಾರು ಏಳೂವರೆ ಗಂಟೆಯದು, ಅಂಕ 472ರಿಂದ 528ರವರೆಗೆ. ಅಧ್ಯಾಪಕರ ಶಿಫಾರಸು ಪತ್ರಗಳು ಬೇಕು. ಮಾಡಿದ ಕೆಲಸ, ಸೇವೆ, ಸಂಶೋಧನೆಗಳನ್ನು ಹದಿನೈದು ಬಾಬುಗಳವರೆಗೆ ಬರೆಯಬಹುದು. ನಾನೇಕೆ ವೈದ್ಯನಾಗಬೇಕು ಎಂಬ ಪ್ರಬಂಧ ಬೇರೆ. ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಕಠಿಣವಾದ ವಿಜ್ಞಾನ ಪದವಿಯ ನಡುವೆ, ಮೂರೇ ವರ್ಷದಲ್ಲಿ, ಇವೆಲ್ಲವನ್ನೂ ಟೊಳ್ಳಿಲ್ಲದಂತೆ ತುಂಬಬೇಕು. ತುಂಬುವವರಿದ್ದಾರೆ, ಅವರನ್ನು ಮೆಚ್ಚೋಣ. ಆದರೆ ಈಗ ಅಲ್ಲಿ ವೈದ್ಯಕೀಯ ಸೇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಪದವಿಯ ನಂತರ ಕನಿಷ್ಠ ಒಂದು ವರ್ಷ ಬೇರೆ ಕೆಲಸ ಮಾಡಿ ಬಂದವರು. ಸೇರುವವರ ಸರಾಸರಿ ವಯಸ್ಸು ಇಪ್ಪತ್ತನಾಲ್ಕರ ಆಸುಪಾಸು. ಕಾಯುವುದು ಅಲ್ಲಿ ವಿಶೇಷವಲ್ಲ, ರೂಢಿ.

ಅರೆಬೆಂದ ಅರ್ಜಿಯನ್ನು ಹಾಕಿ ನೋಡೋಣ, ಸಿಕ್ಕರೆ ಸಿಗಲಿ, ಇಲ್ಲದಿದ್ದರೆ ಮುಂದಿನ ವರ್ಷ ಇದ್ದೇ ಇದೆ ಎಂಬ ಯೋಚನೆ ನಮ್ಮವರಿಗೆ ಬೇಗ ಬರುತ್ತದೆ, ಏಕೆಂದರೆ ನೀಟ್ ಅಂಥದು. ಅದನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು. ಹೋದ ವರ್ಷದ ಅಂಕವನ್ನು ಈ ವರ್ಷ ಯಾರೂ ಕೇಳುವುದಿಲ್ಲ. ಅಲ್ಲಿ ಹಾಗಲ್ಲ. ಎಂಕ್ಯಾಟನ್ನು ಜೀವಮಾನದಲ್ಲಿ ಏಳು ಸಲ ಮಾತ್ರ ಬರೆಯಬಹುದು, ಬರೆದ ಪ್ರತಿಯೊಂದು ಅಂಕವೂ ಕಾಲೇಜಿನವರ ಕಣ್ಣಿಗೆ ಬೀಳುತ್ತದೆ. ಎರಡನೆಯ ಸಲ ಅರ್ಜಿ ಹಾಕಿದವನನ್ನು, ಹೋದ ಸಲಕ್ಕಿಂತ ನಿನ್ನಲ್ಲಿ ಹೊಸದೇನು ಬಂದಿದೆ ಎಂದು ಕೇಳುವ ಕಾಲೇಜುಗಳುಂಟು. 2024ರಲ್ಲಿ ಸುಮಾರು 52 ಸಾವಿರ ಮಂದಿ ಅರ್ಜಿ ಹಾಕಿ ಸುಮಾರು 23 ಸಾವಿರ ಮಂದಿ ಸೇರಿದರು. ಉಳಿದ ಅರ್ಧಕ್ಕೂ ಹೆಚ್ಚು ಜನರು ದಡ್ಡರೇನಲ್ಲ. ಹದಿನೈದಿಪ್ಪತ್ತು ಕಾಲೇಜುಗಳಿಗೆ ಒಂದೊಂದಕ್ಕೂ ಪ್ರತ್ಯೇಕ ಶುಲ್ಕ ಕಟ್ಟಿ, ಎಲ್ಲ ಕಡೆಯಿಂದಲೂ ಇಲ್ಲವೆನಿಸಿಕೊಂಡು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕುಗ್ಗಿ ಕುಳಿತುಕೊಳ್ಳುವುದಿದೆಯಲ್ಲ, ಅದನ್ನು ಕಂಡ ತಂದೆತಾಯಿ 'ಹಾಕಿ ನೋಡೋಣ' ಎಂಬ ಮಾತನ್ನು ಅಷ್ಟು ಹಗುರವಾಗಿ ಆಡಲಾರರು.

ಇನ್ನು ಕಾಯುವ ಕಾಲದಲ್ಲಿ ಮಾಡುವುದೇನು ಎಂಬುದು ಮುಖ್ಯ. ನಮ್ಮ ಹುಡುಗಿ ದಿನವೂ ಬೆಳಿಗ್ಗೆ ಕ್ಲಿನಿಕ್ಕಿಗೆ ಹೋಗಿ ರೋಗಿಗಳ ತೂಕ, ರಕ್ತದೊತ್ತಡ ನೋಡುತ್ತಾಳೆ, ತೆಗೆದುಕೊಳ್ಳುವ ಮಾತ್ರೆಗಳ ಪಟ್ಟಿ ಬರೆದುಕೊಳ್ಳುತ್ತಾಳೆ, ವೈದ್ಯರು ಬರುವವರೆಗೆ ಅವರ ಮಾತು ಕೇಳುತ್ತಾಳೆ. ಕಿವಿ ಮಂದವಾದ ವೃದ್ಧರೊಬ್ಬರು ಪ್ರತಿ ಸಲವೂ ಒಂದೇ ಪ್ರಶ್ನೆ ಕೇಳುತ್ತಾರಂತೆ, ಈ ಮಾತ್ರೆಯನ್ನು ಯಾವಾಗ ನಿಲ್ಲಿಸಬಹುದೆಂದು. ನಿಲ್ಲಿಸುವಂತಿಲ್ಲ ಎಂಬುದನ್ನು ಬೇಸರ ತೋರದೆ ಏಳನೆಯ ಸಲ ಹೇಳುವುದು ಎಂಕ್ಯಾಟ್‌ಗಿಂತ ಕಷ್ಟ ಎಂದು ದೂರವಾಣಿಯಲ್ಲಿ ನಗುತ್ತ ಹೇಳಿದಳು. ಮೂವತ್ತು ವರ್ಷ ಒಂದೇ ವ್ಯಾಕರಣವನ್ನು ಹೇಳಿದ ನನಗೆ ಆ ಮಾತು ತಟ್ಟನೆ ಅರ್ಥವಾಯಿತು. ಅವಳ ಅಪ್ಪ ಕೊಡಿಸಲಾಗದ, ಯಾವ ತರಬೇತಿ ಕೇಂದ್ರವೂ ಮಾರದ ವಿದ್ಯೆ ಅದು.

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗ, ಅಲ್ಲಿಯೇ ಹುಟ್ಟಿದವನು, ಪದವಿಯ ನಂತರ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ವೈದ್ಯರ ಜೊತೆ ನಿಂತು ಅವರು ಹೇಳಿದ್ದನ್ನೆಲ್ಲ ದಾಖಲೆಗೆ ಬರೆಯುವ ಕೆಲಸಕ್ಕೆ ಸೇರಿದ. ಅಂಕಗಳಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹತ್ತು ತಿಂಗಳಾದ ಮೇಲೆ, ಈ ಬದುಕು ನನಗೆ ಬೇಡ ಎಂದು ತಂದೆತಾಯಿಗಳಿಗೆ ಹೇಳಿದ. ಮನೆಯಲ್ಲಿ ಸೂತಕದ ವಾತಾವರಣ. ತಾಯಿ ನನಗೆ ಫೋನು ಮಾಡಿ, 'ನೀವಾದರೂ ಬುದ್ಧಿ ಹೇಳಿ ಸಾರ್' ಎಂದು ಅತ್ತರು. ನಾನು ಹುಡುಗನಿಗೆ ಬುದ್ಧಿ ಹೇಳಲಿಲ್ಲ. ತಾಯಿಗೆ ಹೇಳಿದೆ: ಹತ್ತು ತಿಂಗಳಲ್ಲಿ ತಿಳಿಯಿತಲ್ಲಮ್ಮ, ನಾಲ್ಕು ವರ್ಷ ಓದಿ ಎರಡು ಲಕ್ಷ ಡಾಲರ್ ಸಾಲ ತಲೆಯ ಮೇಲೆ ಹೊತ್ತ ಮೇಲೆ ತಿಳಿದಿದ್ದರೆ? ಆ ಹುಡುಗ ಈಗ ಸಂಖ್ಯಾಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿ, ಕಾಯಿಲೆಗಳು ಹರಡುವ ಬಗೆಯ ಅಧ್ಯಯನದಲ್ಲಿದ್ದಾನೆ. ತಾಯಿ ಇಂದಿಗೂ ಪೂರ್ತಿ ಸಮಾಧಾನಗೊಂಡಿಲ್ಲ.

ಹಾಗೆಂದು ಎಲ್ಲರೂ ಕಾಯಬೇಕೆಂದು ನಾನು ಹೇಳುತ್ತಿಲ್ಲ. ಮೂರನೆಯ ವರ್ಷಕ್ಕೇ ಎಲ್ಲವೂ ಕೈಗೂಡಿ, ಮನಸ್ಸೂ ಗಟ್ಟಿಯಾಗಿದ್ದವರು ಸುಮ್ಮನೆ ಕಾದು ಪಡೆಯುವುದೇನಿದೆ? ಹೆದರಿಕೆಯನ್ನೇ ಸಿದ್ಧತೆ ಎಂದು ಹೆಸರಿಟ್ಟು ವರ್ಷದಿಂದ ವರ್ಷಕ್ಕೆ ಮುಂದೂಡುವವರೂ ಉಂಟು. ಅವರಿಗೆ ಎಂಕ್ಯಾಟ್ ಅಂಕವೇ ಗಡುವು ಹಾಕುತ್ತದೆ, ಏಕೆಂದರೆ ಎರಡು ಮೂರು ವರ್ಷಕ್ಕಿಂತ ಹಳೆಯ ಅಂಕವನ್ನು ಬಹುತೇಕ ಕಾಲೇಜುಗಳು ಒಪ್ಪುವುದಿಲ್ಲ.

ಹಣದ ಮಾತೂ ಇದೆ. ಈ ಎರಡು ವರ್ಷ ಸಣ್ಣ ಸಂಬಳ. ಅದಕ್ಕಿಂತ ಹೆಚ್ಚಾಗಿ, ಕೊನೆಯಲ್ಲಿ ಸಿಗುವ ವೈದ್ಯರ ಸಂಬಳ ಎರಡು ವರ್ಷ ತಡವಾಗುತ್ತದೆ. 2025ರ ಜುಲೈನಲ್ಲಿ ಅಲ್ಲಿ ಅಂಗೀಕಾರವಾದ ಕಾಯಿದೆಯಂತೆ, 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವ ವೈದ್ಯಕೀಯ ವಿದ್ಯಾರ್ಥಿಗಳಿಗೆ ಕೇಂದ್ರ ಸರ್ಕಾರದ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರಿಗೆ ಸೀಮಿತ. ಅದಕ್ಕೂ ಮೇಲೆ ಖರ್ಚು ಬರುವ ಕಾಲೇಜುಗಳು ಅನೇಕವಿವೆ. ಉಳಿದುದಕ್ಕೆ ಖಾಸಗಿ ಸಾಲವೋ ತಂದೆಯ ಉಳಿತಾಯವೋ ಗತಿ. 2027ರಲ್ಲಿ ಸೇರಬೇಕೆಂದಿರುವ ನಮ್ಮ ಹುಡುಗಿಗೆ ಈ ಮಿತಿ ತಗಲುತ್ತದೆ, ನೇರವಾಗಿ 2025ರಲ್ಲಿ ಸೇರಿದ ಅವಳ ಗೆಳತಿಗೆ ಅಷ್ಟು ತಗಲುವುದಿಲ್ಲ. ಕಾಯುವುದಕ್ಕೆ ಇದು ನಿಜವಾದ ಬೆಲೆ, ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅವಳು ಇದನ್ನು ತಿಳಿದೇ ತೀರ್ಮಾನಿಸಿದ್ದಾಳೆ. ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೀನ್ ವೈದ್ಯಕೀಯ ಕಾಲೇಜಿಗೆ 2024ರಲ್ಲಿ ರೂತ್ ಗಾಟ್ಸ್‌ಮನ್ ಎಂಬ ವೃದ್ಧ ಅಧ್ಯಾಪಕಿ 100 ಕೋಟಿ ಡಾಲರ್ ದಾನ ಕೊಟ್ಟು ಶಿಕ್ಷಣ ಶುಲ್ಕವೇ ಇಲ್ಲದಂತೆ ಮಾಡಿದ ಸುದ್ದಿಯನ್ನು ನಮ್ಮ ಬಂಧುಗಳು ವಾಟ್ಸ್ಯಾಪ್‌ನಲ್ಲಿ ಹಂಚಿಕೊಂಡು, 'ಅಲ್ಲಿಗೇ ಸೇರಿಸಿ' ಎಂದು ಸಲಹೆ ಕೊಡುತ್ತಿದ್ದಾರೆ. ಅಲ್ಲಿಗೇ ಸೇರಬೇಕೆಂದು ಎಷ್ಟು ಸಾವಿರ ಮಕ್ಕಳು ಕಾದಿರುತ್ತಾರೆಂಬುದನ್ನು ಅವರು ಯೋಚಿಸಿದಂತಿಲ್ಲ.

ಇದಕ್ಕಿಂತ ಕಠಿಣವಾದ ಸಂಗತಿಯೊಂದಿದೆ. ಕಾಯುವ ಸ್ವಾತಂತ್ರ್ಯ ಎಲ್ಲ ಮಕ್ಕಳಿಗೂ ಇಲ್ಲ. ನನ್ನ ಅಣ್ಣನ ಮೊಮ್ಮಗಳು ಅಲ್ಲಿಯೇ ಹುಟ್ಟಿದವಳು, ಅಲ್ಲಿಯ ಪ್ರಜೆ. ಆದರೆ ಇಲ್ಲಿ ಹುಟ್ಟಿ, ನಾಲ್ಕೈದು ವರ್ಷದವರಿದ್ದಾಗ ತಂದೆತಾಯಿಯ ಜೊತೆ ಹೋಗಿ, ಅಲ್ಲಿಯ ಶಾಲೆಗಳಲ್ಲೇ ಓದಿದ ಕನ್ನಡದ ಮಕ್ಕಳು ಎಷ್ಟೋ ಮಂದಿ ಇದ್ದಾರೆ. ತಂದೆಯ ಎಚ್-1ಬಿ ವೀಸಾದ ಆಶ್ರಯದ ಎಚ್-4 ವೀಸಾ ಮಕ್ಕಳಿಗೆ ಇಪ್ಪತ್ತೊಂದು ತುಂಬಿದೊಡನೆ ಕೊನೆಗೊಳ್ಳುತ್ತದೆ. ಗ್ರೀನ್ ಕಾರ್ಡಿನ ಸಾಲಿನಲ್ಲಿ ಭಾರತೀಯರ ಸರದಿ ಬರಲು ಹಿಡಿಯುವ ವರ್ಷಗಳನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಆಗ ಆ ಮಗು ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಪದವಿಯ ನಂತರ ತನ್ನ ವಿಷಯಕ್ಕೆ ಸಂಬಂಧಿಸಿದ ಕೆಲಸಕ್ಕೆ ಹನ್ನೆರಡು ತಿಂಗಳ ಅನುಮತಿ, ವಿಜ್ಞಾನ ಪದವಿಯಾದರೆ ಷರತ್ತಿನ ಮೇಲೆ ಇನ್ನೂ ಇಪ್ಪತ್ತನಾಲ್ಕು ತಿಂಗಳು. ಅಷ್ಟರಲ್ಲಿ ಸೀಟು ದೊರೆಯಬೇಕು. ಪ್ರಜೆಯೂ ಅಲ್ಲದ, ಗ್ರೀನ್ ಕಾರ್ಡೂ ಇಲ್ಲದವರ ಅರ್ಜಿಯನ್ನು ಅಲ್ಲಿಯ ಅನೇಕ ಕಾಲೇಜುಗಳು, ಮುಖ್ಯವಾಗಿ ರಾಜ್ಯ ಸರ್ಕಾರಗಳ ಕಾಲೇಜುಗಳು, ತೆಗೆದುಕೊಳ್ಳುವುದೇ ಇಲ್ಲ. ಸರ್ಕಾರದ ಸಾಲವೂ ಇಲ್ಲ. ಅಂತಹ ಮಗುವಿನ ತಂದೆತಾಯಿಗಳಿಗೆ ನನ್ನ ಮಾತು ಬೇರೆ: ಕಾಯುವ ತೀರ್ಮಾನಕ್ಕೆ ಮುನ್ನ ವೀಸಾದ ದಿನಾಂಕಗಳನ್ನು ಬಲ್ಲ ವಕೀಲರೊಡನೆ ಕುಳಿತು ಲೆಕ್ಕ ಹಾಕಿ. ಯಾವ ಕಾಲೇಜುಗಳು ಅಂಥವರನ್ನು ಸೇರಿಸಿಕೊಳ್ಳುತ್ತವೆಂಬ ಪಟ್ಟಿಯನ್ನು ಪದವಿಯ ಎರಡನೆಯ ವರ್ಷದಲ್ಲೇ ಮಾಡಿಕೊಳ್ಳಿ. ಅವರ ವಿಷಯದಲ್ಲಿ ಅವಸರಕ್ಕೆ ಕಾರಣವಿದೆ.

ಅಷ್ಟೆಲ್ಲ ಪಾಡೇಕೆ, ಮಗುವನ್ನು ಇಲ್ಲಿಗೇ ಕಳಿಸಿ ಎನ್ನುವವರಿಗೆ ಒಂದು ಮಾತು. ವಿದೇಶದಿಂದ ಬಂದವರಿಗೂ ನೀಟ್ ತಪ್ಪಿದ್ದಲ್ಲ, ಮತ್ತು ಇಲ್ಲಿ ಓದಿ ಅಲ್ಲಿಗೆ ಮರಳಬೇಕಾದರೆ ಅಲ್ಲಿಯ ಪರವಾನಗಿ ಪರೀಕ್ಷೆಗಳನ್ನು ಬರೆದು ತರಬೇತಿಯ ಸ್ಥಾನಕ್ಕೆ ಮತ್ತೆ ಸ್ಪರ್ಧಿಸಬೇಕು. ಮುಗಿಯುವ ಹೊತ್ತಿಗೆ ಉಳಿದ ವರ್ಷಗಳು ಎಷ್ಟೆಂದು ಕೂಡಿಸಿ ನೋಡಿಕೊಳ್ಳಿ.

ಕೊನೆಗೆ, ನಮ್ಮ ಅತ್ತಿಗೆಯವರ ಪ್ರಶ್ನೆ. ಅದನ್ನು ತಮಾಷೆಯೆಂದು ತಳ್ಳಿಹಾಕುವಂತಿಲ್ಲ, ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಕೇಳಿದ್ದು. 'ಇಪ್ಪತ್ತನಾಲ್ಕಕ್ಕೆ ಸೇರಿದರೆ ಓದು ಮುಗಿಯುವಾಗ ಇಪ್ಪತ್ತೆಂಟು. ಆಮೇಲೆ ತರಬೇತಿ ಕನಿಷ್ಠ ಮೂರು ವರ್ಷ, ಶಸ್ತ್ರಚಿಕಿತ್ಸೆಯಂಥದಾದರೆ ಐದಕ್ಕೂ ಮೇಲೆ. ಮದುವೆ ಯಾವಾಗ, ಮಕ್ಕಳು ಯಾವಾಗ?' ಲೆಕ್ಕ ಸರಿಯಾಗಿಯೇ ಇದೆ. ಆದರೆ ನೇರವಾಗಿ ಸೇರಿದ್ದರೂ ಅದು ಇಪ್ಪತ್ತಾರು ಮತ್ತು ಇಪ್ಪತ್ತೊಂಬತ್ತು ಆಗುತ್ತಿತ್ತು. ಓದು ಮುಗಿಯಲೆಂದು ಮದುವೆಯನ್ನು ಕಾಯಿಸಿದರೆ ಎರಡೂ ಲೆಕ್ಕದಲ್ಲಿ ತಡವೇ. ಅಲ್ಲಿಯ ಹೆಣ್ಣುಮಕ್ಕಳು ಓದಿನ ನಡುವೆ ಮದುವೆಯಾಗಿ, ತರಬೇತಿಯ ನಡುವೆ ತಾಯಂದಿರಾದ ಉದಾಹರಣೆಗಳು ನಮ್ಮ ಬಂಧುವರ್ಗದಲ್ಲೇ ಇವೆ. ಅತ್ತಿಗೆಯವರಿಗೆ ಇದನ್ನು ಹೇಳಿದ್ದೇನೆ. 'ನಿಮಗೇನು, ಹೇಳುತ್ತೀರಿ' ಎಂದು ಒಳಗೆ ಹೋದರು.

ಕಾಯಲು ನಿರ್ಧರಿಸಿದ ಮಕ್ಕಳಿಗೆ ಒಂದೆರಡು ವ್ಯಾವಹಾರಿಕ ಸಂಗತಿಗಳನ್ನು ಹೇಳಿ ಮುಗಿಸುತ್ತೇನೆ. ಇಪ್ಪತ್ತಾರು ತುಂಬುವವರೆಗೆ ತಂದೆತಾಯಿಯ ಆರೋಗ್ಯ ವಿಮೆಯಲ್ಲಿ ಮುಂದುವರಿಯಲು ಅಲ್ಲಿಯ 2010ರ ಕಾನೂನು ಅವಕಾಶ ಕೊಡುತ್ತದೆ, ಅದನ್ನು ಬಿಡಬೇಡಿ. ಕೆಲಸಕ್ಕೆಂದು ಬೇರೆ ರಾಜ್ಯಕ್ಕೆ ಹೋಗುವ ಮುನ್ನ ಯೋಚಿಸಿ. ರಾಜ್ಯ ಸರ್ಕಾರಗಳ ಕಾಲೇಜುಗಳು ತಮ್ಮ ರಾಜ್ಯದ ನಿವಾಸಿಗಳಿಗೆ ಆದ್ಯತೆ ಕೊಡುತ್ತವೆ. ಇನ್ನು ಶಿಫಾರಸು ಪತ್ರಗಳನ್ನು ಕಾಲೇಜು ಬಿಡುವ ಮೊದಲೇ ಬರೆಸಿ ಇಡಿಸಿಕೊಳ್ಳಿ. ಇದನ್ನು ಮೇಷ್ಟ್ರಾಗಿ ಹೇಳುತ್ತಿದ್ದೇನೆ. ಪಾಠ ಮಾಡಿದ ವರ್ಷ ವಿದ್ಯಾರ್ಥಿಯ ಕೈಬರಹದವರೆಗೆ ಎಲ್ಲವೂ ನೆನಪಿರುತ್ತದೆ. ಎರಡು ವರ್ಷ ಕಳೆದು ಇನ್ನೂರು ಹೊಸ ಮುಖಗಳು ಬಂದು ಹೋದ ಮೇಲೆ ಒಳ್ಳೆಯ ಹುಡುಗಿ ಎಂಬುದಷ್ಟೇ ಉಳಿದಿರುತ್ತದೆ, ಪತ್ರದಲ್ಲಿಯೂ ಅಷ್ಟೇ ಬರುತ್ತದೆ.